ಬಾಲವಿಲ್ಲದ ಮಾತು

ಕೆಳಗಿನ ತೋಟದಲ್ಲಿ ಔಷಧಿ ಹೊಡೆಯುವ ಮೋಟರು ಪಟಪಟನೆ ಬಡಿದುಕೊಂಡು, ಕೆಮ್ಮಿ, ನಿಂತಿತು. ಯಾರೋ ಹಗ್ಗ ಎಳೆದರು. ಮತ್ತೆ ಬಡಿದುಕೊಂಡಿತು, ಮತ್ತೆ ನಿಂತಿತು. ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದ ಮೇಘಶ್ರೀ ಆ ಸದ್ದು ನಿಂತಾಗಲೆಲ್ಲ ತಾನೂ ಕೈ ನಿಲ್ಲಿಸುತ್ತಿದ್ದಳು. ಮಳೆ ಬಿಟ್ಟು ಹೊಳವಾದ ದಿನ ಸಂಸೆಯ ಸುತ್ತಲಿನ ಎಲ್ಲ ತೋಟಗಳಲ್ಲೂ ಇದೇ ಸದ್ದು. ಅಡಿಕೆಗೆ ಕೊಳೆರೋಗ ಬೀಳದ ಹಾಗೆ ಮೈಲುತುತ್ತದ ನೀಲಿ ನೀರಿಗೆ ಸುಣ್ಣ ಸೇರಿಸಿ ಗೊನೆಗಳಿಗೆ ಹೊಡೆಯುತ್ತಾರೆ. ಮತ್ತೆ ಮಳೆ ಹಿಡಿಯುವ ಮೊದಲು ಮುಗಿಸಬೇಕು. ಆಳುಗಳು, ಡ್ರಮ್ಮುಗಳು, ಪೈಪುಗಳು, ಬೈಗುಳಗಳು ಎಲ್ಲವೂ ಅವಸರದಲ್ಲಿರುತ್ತವೆ.

"ಜಡೆ ಹಾಕ್ತೀಯೋ, ಮೋಟರ್ ರಿಪೇರಿ ಮಾಡ್ತೀಯೋ? ಬಸ್ಸು ತಿರುವಲ್ಲಿ ಹಾರ್ನ್ ಹಾಕಿ ಆಯ್ತು," ಎಂದು ಅಪ್ಪ ಶಶಿಧರ್ ಜಗಲಿಯಿಂದ ಕೂಗಿದರು.

"ಬಂದೆ ಅಪ್ಪ. ನನ್ನ ಇಯರ್‌ಫೋನು, ನಿನ್ನೆ ಇಲ್ಲೇ ಟೇಬಲ್ ಮೇಲೆ..." ಎಂದವಳು ಮಾತನ್ನು ಅಲ್ಲಿಯೇ ಬಿಟ್ಟು ಚಪ್ಪಲಿ ಹುಡುಕಲು ಹೋದಳು.

"ನೋಡು, ಇವತ್ತೂ ಬಾಲ ಇಲ್ಲ," ಎಂದು ಶಶಿಧರ್ ನಕ್ಕರು.

ಅದು ಆ ಮನೆಯ ಹಳೆಯ ತಮಾಷೆ. ಮೇಘಶ್ರೀಯ ಮಾತಿಗೆ ತಲೆ ಇರುತ್ತದೆ, ಮೈ ಇರುತ್ತದೆ, ಬಾಲ ಇರುವುದಿಲ್ಲ. ಚಿಕ್ಕವಳಿದ್ದಾಗ ಹಸಿವಾಗಿದೆ ಎಂದು ಹೇಳಲು ಬಂದು, ಅರ್ಧ ಹೇಳಿ, ಹಿತ್ತಲಿಗೆ ಓಡಿ ಪೇರಲೆ ಮರ ಹತ್ತುತ್ತಿದ್ದಳಂತೆ. ಈಗ ಬಿ.ಕಾಂ ಕೊನೆಯ ವರ್ಷ. ವೈವಾದಲ್ಲಿ ಕೂಡ ಉತ್ತರವನ್ನು ಅರ್ಧಕ್ಕೆ ನಿಲ್ಲಿಸಿ ಕಿಟಕಿಯಾಚೆ ನೋಡಿದಳೆಂದು ಲೆಕ್ಚರರು ಬೈದಿದ್ದರು. ಕಾಲೇಜು ಮುಗಿದ ಮೇಲೆ ಮಧ್ಯಾಹ್ನದಿಂದ ಸಂಜೆ ಬಸ್ಸಿನವರೆಗೆ ಕಳಸದ ಪೇಟೆಯಲ್ಲಿ ರೇಣುಕಪ್ರಸಾದ್ ಅವರ ಮೆಡಿಕಲ್ ಶಾಪಿನಲ್ಲಿ ಕೆಲಸ. ಮಾತ್ರೆಗಳನ್ನು ಅವರವರ ಡಬ್ಬಿಗೆ ಸೇರಿಸುವುದು, ಡಾಕ್ಟರ ಚೀಟಿ ಓದುವುದು, ಅಜ್ಜಂದಿರಿಗೆ ಊಟಕ್ಕೆ ಮೊದಲು ಯಾವುದು, ಆಮೇಲೆ ಯಾವುದು ಎಂದು ಮತ್ತೆ ಮತ್ತೆ ಹೇಳುವುದು. ಆ ಕೆಲಸದಲ್ಲಿ ಮಾತ್ರ ಅವಳು ವಾಕ್ಯ ಮುಗಿಸಲು ಕಷ್ಟಪಟ್ಟು ಕಲಿತಳು.

ಇನ್ನೂ ಒಂದು ಕಡೆ ಅವಳು ವಾಕ್ಯ ಮುಗಿಸುತ್ತಿದ್ದಳು. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಿಂದಿನ ಬೇಸಿಗೆ ರಜೆಯಲ್ಲಿ ಅವಳು ಅಪ್ಪನ ಗೆಳೆಯ ಬಸವಪ್ರಸಾದರ ಹೋಂಸ್ಟೇಯಲ್ಲಿ, ಬಂದವರ ಹೆಸರು ಬರೆದುಕೊಂಡು ಕೀ ಕೊಡುವ ಕೆಲಸಕ್ಕಿದ್ದಳು. ಅಡಿಗೆಮನೆಯಲ್ಲಿ ದೇವೇಂದ್ರ ಇದ್ದ. ಹೆಸರು ಕೇಳಿದರೆ ಮೂಡಿಗೆರೆಯವನೇ ಅನ್ನಬೇಕು; ಊರು ನೇಪಾಳದ ದೈಲೇಖ್. ಅಕ್ಕಿರೊಟ್ಟಿಯನ್ನು ಮೇಘಶ್ರೀಯ ಅಮ್ಮನಿಗಿಂತ ತೆಳ್ಳಗೆ ತಟ್ಟುತ್ತಿದ್ದ. ಕನ್ನಡವನ್ನು ಆಳುಗಳ ಜೊತೆ ಕಲಿತಿದ್ದರಿಂದ ಎಲ್ಲರನ್ನೂ, ಬಸವಪ್ರಸಾದರನ್ನು ಕೂಡ, ಮಾರಾಯ ಎನ್ನುತ್ತಿದ್ದ. ಬೈಸಿಕೊಂಡು, ಆಯ್ತು ಮಾರಾಯ್ರೇ ಎಂದು ತಿದ್ದಿಕೊಳ್ಳುತ್ತಿದ್ದ. ಮೊದಲ ಮಳೆ ಬಂದ ಮಧ್ಯಾಹ್ನ ಅವನು ಈರುಳ್ಳಿ ಹೆಚ್ಚುತ್ತ ಕಿಟಕಿ ನೋಡಿ, "ಪಾನಿ ಪರ್ಯೊ" ಅಂದ. ಮಳೆ ಬಂತು. ಅವಳು ಕಲಿತ ಮೊದಲ ನೇಪಾಳಿ ಅದು. ಆಮೇಲೆ ಎರಡು, ಆಮೇಲೆ ಇಪ್ಪತ್ತು. ಇದ್ದ ಪದಗಳೇ ಕಡಿಮೆಯಾದ್ದರಿಂದ ಅವಳು ಪ್ರತಿ ವಾಕ್ಯವನ್ನೂ ಕೊನೆಯ ತನಕ ನಡೆಸಿಕೊಂಡು ಹೋಗಬೇಕಿತ್ತು. ಅರ್ಧಕ್ಕೆ ಬಿಟ್ಟರೆ ಅವನು ತನಗೆ ಬೇಕಾದಂತೆ ಪೂರ್ತಿ ಮಾಡಿ ನಗಿಸುತ್ತಿದ್ದ.

ರಜೆ ಮುಗಿಯಿತು. ಭಾಷೆ ಫೋನಿನೊಳಗೆ ಉಳಿಯಿತು. "ಮೋನಿಕಾ ನೋಟ್ಸ್" ಎಂದು ಸೇವ್ ಮಾಡಿದ್ದ ನಂಬರಿನಿಂದ ಅವನ ದನಿ ಬರುತ್ತಿತ್ತು. ಬಸ್ಸಿನ ಹಿಂದಿನ ಸೀಟಿನಲ್ಲಿ ಕೇಳಿಸಿಕೊಂಡು, ಶಾಲಿನ ತುದಿಯನ್ನು ಬಾಯಿಗೆ ಹಿಡಿದು ಪಿಸುದನಿಯಲ್ಲಿ ಉತ್ತರ ಹೇಳುತ್ತಿದ್ದಳು. ಪಕ್ಕದ ಸೀಟಿನವರು ಹುಡುಗಿ ಪಾಠ ಒಪ್ಪಿಸುತ್ತಿದ್ದಾಳೆ ಅಂದುಕೊಂಡರೆ ಅಂದುಕೊಳ್ಳಲಿ. ಗೊತ್ತಾದರೆ ಏನಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಕಾಲೇಜು ನಿಲ್ಲುತ್ತದೆ. ಬಸವಪ್ರಸಾದರು ಗೆಳೆಯನ ಮುಖ ನೋಡಿ ದೇವೇಂದ್ರನ ಕೈಗೆ ಬ್ಯಾಗು ಕೊಡುತ್ತಾರೆ. ಜಾವಳಿ ಕಡೆಯ ಯಾವುದೋ ಕಾಫಿ ತೋಟದ ಮನೆಯಿಂದ ಹುಡುಗನ ಫೋಟೋ ಬರುತ್ತದೆ. ಪರೀಕ್ಷೆ ಮುಗಿಯಲಿ, ಆಮೇಲೆ ನಾನೇ ಬಂದು ನಿನ್ನ ಅಪ್ಪನ ಎದುರು ನಿಲ್ಲುತ್ತೇನೆ ಎಂದು ಅವನು ಹೇಳಿದ್ದ. ಅಲ್ಲಿಯವರೆಗೆ ಯಾರೆದುರಿಗೂ ಒಂದು ಪದವೂ ಬೇಡ. ಎದುರಾದರೂ ಗುರುತಿಲ್ಲದವರ ಹಾಗೆ ಇರಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದರು.

ಅದಕ್ಕೇ ಅವಳಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಜೋಡಿಸಿದ ಡಬ್ಬಿಗಳನ್ನೇ ಮತ್ತೆ ಜೋಡಿಸುವಳು. ಯಾರಾದರೂ ನೇಪಾಳದವರು ಮೆಟ್ಟಿಲು ಹತ್ತಿದರೆ ಹಿಂದಿನ ಕೋಣೆಗೆ ಹೋಗಿ, ಇಲ್ಲದ ಕೆಲಸ ಹುಡುಕುವಳು. ಅರ್ಥವಾಗುತ್ತದೆ ಎಂಬುದು ಮುಖದಲ್ಲಿ ಕಂಡುಬಿಟ್ಟರೆ?

ಆ ಮಧ್ಯಾಹ್ನ ಹಿಂದಿನ ಕೋಣೆಗೆ ಹೋಗಲು ಆಗಲಿಲ್ಲ. ಬಾಗಿಲಿಗೆ ಅಡ್ಡವಾಗಿ ಗ್ಲೂಕೋಸ್ ಪೆಟ್ಟಿಗೆಗಳು ಬಂದು ಬಿದ್ದಿದ್ದವು.

ಬೆಂಚಿನ ಮೇಲೆ ದ್ಯಾವಮ್ಮ ಕೂತಿದ್ದರು. ಮೇಘಶ್ರೀಯ ಮನೆಯ ಮೇಲಿನ ತಿರುವಿನಲ್ಲೇ ಅವರ ಮನೆ. ಬಿಪಿ ಮಾತ್ರೆ ಸಿಕ್ಕಿ ಎಷ್ಟೋ ಹೊತ್ತಾಗಿದ್ದರೂ ಬಸ್ಸು ಬರುವ ತನಕ ಅವರು ಏಳುವವರಲ್ಲ.

"ಎಂತ ರೇಣುಕಣ್ಣ, ಈ ಮಾತ್ರೆ ಸಣ್ಣ ಆಗ್ತಾ ಬಂತಲ್ಲ, ನಿಮ್ಮ ಹಾಗೆ," ಎಂದರು.

ರೇಣುಕಪ್ರಸಾದ್ ತಮ್ಮ ಹೊಟ್ಟೆ ಸವರಿಕೊಂಡರು. "ನಾನು ಸಣ್ಣ ಆಗಿದೀನಿ ಅಂತ ಹೇಳಿದ್ರಲ್ಲ, ನಿಮ್ಮ ಕಣ್ಣಿಗೂ ಒಂದು ಡ್ರಾಪ್ಸ್ ಕೊಡ್ತೀನಿ ತಡೀರಿ."

ಆಗ ನೇಪಾಳದವಳೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಇಪ್ಪತ್ತೈದರ ಆಸುಪಾಸಿನ ಹೆಂಗಸು, ಬೆನ್ನಿಗೆ ಶಾಲಿನಲ್ಲಿ ಕಟ್ಟಿಕೊಂಡ ಹೆಣ್ಣುಮಗು. ಕಾಲಿನ ಬೆರಳುಗಳ ಸಂದಿಯೆಲ್ಲ ಬೆಳ್ಳಗೆ ಕೊಳೆತಿತ್ತು. ಮಳೆಗಾಲದಲ್ಲಿ ತೋಟದ ಕೆಸರಿನಲ್ಲಿ ದುಡಿಯುವವರೆಲ್ಲರ ಕಾಲು ಹಾಗೆಯೇ.

"ಉಲ್ಟಿ," ಎಂದಳು. "ಉಲ್ಟಿ ದವಾಯಿ."

ರೇಣುಕಪ್ರಸಾದ್ ತಮಗೆ ಬರುವ ಹಿಂದಿಯಲ್ಲಿ ಎಷ್ಟು ಸಲ ಎಂದು ಕೇಳಿದರು. ಅವಳು ಬೆರಳು ತೋರಿಸಿದಳು. ಅಷ್ಟರಲ್ಲಿ ಮಗು ಮತ್ತೆ ವಾಂತಿ ಮಾಡಿತು. ಮೇಘಶ್ರೀ ನೀರು, ಬಟ್ಟೆ ತಂದು ಒರೆಸುವಾಗ ನೋಡಿದಳು: ಶಾಲಿನ ಮೇಲೆ ಹಸಿರೂ ಅಲ್ಲದ ನೀಲಿಯೂ ಅಲ್ಲದ ಕಲೆ.

"ಪಿತ್ತ ಕಣೆ ಅದು," ಎಂದರು ದ್ಯಾವಮ್ಮ ಬೆಂಚಿನಿಂದಲೇ. "ಖಾಲಿ ಹೊಟ್ಟೆಯಲ್ಲಿ ಬಿಟ್ಟಿರ್ತಾರೆ ಮಕ್ಕಳನ್ನ."

"ಪಿತ್ತವೇ ಇರ್ಬೇಕು," ಎಂದು ರೇಣುಕಪ್ರಸಾದ್ ವಾಂತಿ ನಿಲ್ಲುವ ಸಿರಪ್ ತೆಗೆದು ಮೇಘಶ್ರೀಯ ಕೈಗೆ ಕೊಟ್ಟರು. "ಕಾಲು ಮುಚ್ಚಳ ಅಂತ ತೋರ್ಸಿ ಕೊಡು."

ಹೆಂಗಸು ಮಗುವನ್ನು ಬೆನ್ನಿನಿಂದ ಮಡಿಲಿಗೆ ಎಳೆದುಕೊಂಡು ಮೆಟ್ಟಿಲ ಮೇಲೆ ಕೂತಳು. ಮಗುವಿನ ಬಾಯಿ ಒರೆಸುತ್ತ ಅದಕ್ಕೆ ಮಾತ್ರ ಕೇಳುವ ಹಾಗೆ ಹೇಳಿಕೊಳ್ಳತೊಡಗಿದಳು. ತನ್ನ ಮಾತು ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂಬ ನಂಬಿಕೆಯಲ್ಲಿ, ಒಬ್ಬಳೇ ಇರುವವಳ ಹಾಗೆ. ಆ ನೀಲಿ ನೀರನ್ನು ಯಾಕೆ ಕುಡಿದೆ ಮುನಾ. ನನ್ನ ಕಾಲಿಗೆ ಹಚ್ಚಲು ಇಟ್ಟಿದ್ದೆ. ಕೇಳದೆ ತಂದಿದ್ದು ಅಂತ ತೋಟದ ರೈಟರಿಗೆ ಗೊತ್ತಾದರೆ ಲೈನ್ ಮನೆಯಿಂದ ಹೊರಗೆ ಹಾಕುತ್ತಾರೆ. ನಿಮ್ಮಪ್ಪನಿಗೆ ಏನು ಹೇಳಲಿ.

ನೀಲೊ ಪಾನಿ. ಅವಳು ಮತ್ತೆ ಮತ್ತೆ ಹೇಳಿದ್ದು ಅದೇ. ಮೇಘಶ್ರೀಯ ಕಿವಿಯಲ್ಲಿ ಬೆಳಗಿನ ಮೋಟರು ಪಟಪಟನೆ ಬಡಿದುಕೊಂಡಿತು. ಮೈಲುತುತ್ತ. ಕಾಲು ಕೊಳೆತವರು ಅದರಲ್ಲಿ ಬೆರಳು ಅದ್ದಿದರೆ ಹುಣ್ಣು ಒಣಗುತ್ತದೆಂದು ಮೇಸ್ತ್ರಿಗಳ ಮನೆಯವರು ಹೇಳಿಕೊಡುತ್ತಾರೆ. ಸುಣ್ಣ ಸೇರಿಸುವ ಮೊದಲು ಡ್ರಮ್ಮಿನಿಂದ ಒಂದಿಷ್ಟು ತೆಗೆದು, ಖಾಲಿಯಾದ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ಇಟ್ಟುಕೊಳ್ಳುತ್ತಾರೆ. ತೋಟದ ಆಳುಗಳ ಎಷ್ಟೋ ಲೈನ್ ಮನೆಗಳ ಬಾಗಿಲ ಹಿಂದೆ ಆ ಬಾಟಲಿಯನ್ನು ಅವಳು ಕಂಡಿದ್ದಳು. ಹರಳಿನಂಥ ನೀಲಿ. ಮಗುವಾಗಿದ್ದರೆ ಅವಳೂ ಕುಡಿಯುತ್ತಿದ್ದಳು.

ಅವಳು ಮೊದಲು ಕನ್ನಡದಲ್ಲೇ ಪ್ರಯತ್ನಿಸಿದಳು.

"ಸರ್, ಇದು ಪಿತ್ತದ ಬಣ್ಣ ಅಲ್ಲ ಅನ್ಸುತ್ತೆ. ಆಸ್ಪತ್ರೆಗೆ ಕಳ್ಸಿದ್ರೆ..."

"ಕಳ್ಸಿದ್ರೆ ಏನು, ಮುಗ್ಸು," ಎಂದರೂ ರೇಣುಕಪ್ರಸಾದ್ ಒಳ್ಳೆಯ ಮನುಷ್ಯ. ಬಗ್ಗಿ ಕಲೆ ನೋಡಿದರು, ಹೆಂಗಸಿಗೆ ಹಿಂದಿಯಲ್ಲಿ ಆಸ್ಪತ್ರೆಗೆ ಹೋಗು ಎಂದರು. ಆಸ್ಪತ್ರೆ ಎಂದ ಕೂಡಲೇ ಅವಳು ಎದ್ದು ನಿಂತಳು. ಬೇಡ, ಬೇಡ, ದವಾಯಿ ಸಾಕು ಎಂದು ತಲೆ ಅಲ್ಲಾಡಿಸಿದಳು. ಮೇಘಶ್ರೀಯ ಕೈಯಿಂದ ಸಿರಪ್ ಕಿತ್ತುಕೊಂಡು ಮಗುವನ್ನು ಮತ್ತೆ ಬೆನ್ನಿಗೆ ಎಳೆದಳು.

"ಹೋಗ್ಲಿ ಬಿಡಿ ರೇಣುಕಣ್ಣ," ಎಂದರು ದ್ಯಾವಮ್ಮ. "ಅವ್ರ ಮಕ್ಕಳು ಗಟ್ಟಿ."

ಮೇಘಶ್ರೀ ಕೌಂಟರಿನ ಅಂಚು ಹಿಡಿದುಕೊಂಡಳು. ಮೆಟ್ಟಿಲ ಕೆಳಗೆ ರಸ್ತೆ, ರಸ್ತೆಯಾಚೆ ಜೀಪುಗಳ ಸಾಲು. ಹೆಂಗಸು ಇನ್ನು ಸ್ವಲ್ಪದರಲ್ಲಿ ಆ ಸಾಲಿನಲ್ಲಿ ಸೇರಿಹೋಗುತ್ತಾಳೆ. ಬೆಂಚಿನ ಮೇಲೆ ದ್ಯಾವಮ್ಮ ಇದ್ದಾರೆ. ಇನ್ನು ಸ್ವಲ್ಪದರಲ್ಲಿ ಸಂಸೆ ಬಸ್ಸು ಬರುತ್ತದೆ. ಮಗುವಿನ ತಲೆ ಶಾಲಿನೊಳಗೆ ಒಂದು ಕಡೆಗೆ ವಾಲಿತ್ತು.

"ದಿದಿ, ಪರ್ಖನೂಸ್!"

ಅಕ್ಕ, ನಿಲ್ಲಿ. ದನಿ ಎಷ್ಟು ಜೋರಾಗಿ ಬಂತೆಂದರೆ ಅವಳಿಗೇ ಅದು ಬೇರೆ ಯಾರದೋ ಅನ್ನಿಸಿತು. ಇಷ್ಟು ದಿನ ಶಾಲಿನ ತುದಿಯಲ್ಲಿ ಪಿಸುಗುಟ್ಟಿದ್ದು, ಪೇಟೆಯ ನಡುವೆ ಗಟ್ಟಿಯಾಗಿ.

ಹೆಂಗಸು ತಿರುಗಿದಳು. ಮೇಘಶ್ರೀ ಮೆಟ್ಟಿಲು ಇಳಿದು ಅವಳ ತೋಳು ಹಿಡಿದಳು. "ನೀಲೊ ಪಾನಿ ಕತಿ ಖಾಯೊ?" ನೀಲಿ ನೀರು ಎಷ್ಟು ಕುಡಿಯಿತು? ಆ ಮುಖದಲ್ಲಿ ಮೊದಲು ಭಯ ಬಂತು, ಕದ್ದು ಸಿಕ್ಕಿಬಿದ್ದವರ ಭಯ. ಮೇಘಶ್ರೀ ತನಗಿದ್ದ ಪದಗಳನ್ನೆಲ್ಲ ಒಟ್ಟು ಮಾಡಿದಳು. ರೈಟರಿಗೆ ನಾನು ಹೇಳುವುದಿಲ್ಲ. ಅದು ವಿಷ. ಸಿರಪ್ ಕೊಡಬೇಡ. ನಾನು ಜೊತೆಗೆ ಬರುತ್ತೇನೆ. ಒಂದೊಂದು ವಾಕ್ಯವೂ ಕೊನೆಯ ತನಕ ಹೋಯಿತು. ಹೆಂಗಸಿನ ಕಣ್ಣು ತುಂಬಿತು. ಆಮೇಲೆ ಅವಳ ಮಾತು ತಡೆಯಿಲ್ಲದೆ ಬಂತು. ಒಂದು ಗುಟುಕು ಇರಬೇಕು, ಬಾಟಲಿ ಉರುಳಿ ನೆಲಕ್ಕೆ ಚೆಲ್ಲಿತ್ತು, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಾಗ ನೋಡಿದೆ, ಗಂಡ ಹೊರನಾಡಿನ ಕಡೆ ಕೆಲಸಕ್ಕೆ ಹೋಗಿದ್ದಾನೆ, ಫೋನಿನಲ್ಲಿ ಚಾರ್ಜಿಲ್ಲ.

ಮೇಘಶ್ರೀ ತಿರುಗಿ ಅಂಗಡಿಯವರಿಗೆ ಹೇಳಿದಳು: "ಸರ್, ಮಗು ಮೈಲುತುತ್ತದ ನೀರು ಕುಡಿದಿದೆ."

"ಅಯ್ಯೋ ದೇವ್ರೇ," ಎಂದವರೇ ರೇಣುಕಪ್ರಸಾದ್ ಸಿರಪ್ ವಾಪಸ್ ಕಸಿದುಕೊಂಡು, ರಸ್ತೆಯಾಚೆಯ ಜೀಪಿನ ಯೋಗೇಶನನ್ನು ಕೂಗಿದರು. ಜೀಪು ತಿರುಗುವಷ್ಟರಲ್ಲಿ ಅವರು ಮೇಘಶ್ರೀಯನ್ನು ಹೊಸದಾಗಿ ನೋಡುವ ಹಾಗೆ ನೋಡಿದರು. "ಅಲ್ಲ ಮಾರಾಯ್ತಿ, ನೇಪಾಳಿ ಎಲ್ಲಿ ಕಲ್ತೆ? ಯೂಟ್ಯೂಬಲ್ಲಾ?"

ದ್ಯಾವಮ್ಮ ಬೆಂಚಿನಿಂದ ಎದ್ದಿದ್ದರು.

ಮೇಘಶ್ರೀ ತಲೆ ಆಡಿಸಿದಳು. ಹೌದು ಎನ್ನುವ ಹಾಗೆ. ಆಡಿಸಿ ಜೀಪು ಹತ್ತಿದಳು.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬಹಳ ಮಾತಾಡಲಿಲ್ಲ. ಅವರು ಕೇಳಿದ್ದನ್ನು ಮೇಘಶ್ರೀ ಕಲ್ಪನಾಗೆ ಕೇಳಿದಳು. ಆ ಹೆಂಗಸಿನ ಹೆಸರು ಕಲ್ಪನಾ. ಕಲ್ಪನಾ ಹೇಳಿದ್ದನ್ನು ಡಾಕ್ಟರಿಗೆ ಹೇಳಿದಳು. ಕೆಲವು ಪದ ಬರಲಿಲ್ಲ. ಹೊಟ್ಟೆ ಉರಿ ಎಂಬುದಕ್ಕೆ ಹೊಟ್ಟೆ ಮುಟ್ಟಿ, ಒಲೆ ಎಂದಳು. ಮಗುವಿಗೆ ಡ್ರಿಪ್ ಹಾಕಿದರು. ಕಡಿಮೆ ಹೋಗಿದೆ, ಬೇಗ ತಂದಿದ್ದೀರಿ, ಆದರೂ ಇವತ್ತು ಇಲ್ಲೇ ಇರಬೇಕು, ಬೇಕಾದರೆ ಚಿಕ್ಕಮಗಳೂರಿಗೆ ಕಳಿಸುತ್ತೇವೆ ಎಂದರು. ಸೂಜಿ ಚುಚ್ಚಿದಾಗ ಅತ್ತ ಮುನಾಗೆ ಮೇಘಶ್ರೀ "ನರೋಊ, ನರೋಊ" ಎಂದಳು. ಅಳಬೇಡ. ಆ ಪದ ತನಗೆ ಹೇಗೆ ಗೊತ್ತು ಎಂದು ನೆನೆದಾಗ ಮುಖ ಬಿಸಿಯಾಯಿತು. ಸೆಮಿಸ್ಟರಿನಲ್ಲಿ ಒಂದು ಪೇಪರು ಹೋದ ದಿನ ಫೋನಿನಲ್ಲಿ ದೇವೇಂದ್ರನಿಂದ ಕೇಳಿದ ಮಾತು ಅದು.

ಕಲ್ಪನಾ ಅವಳ ಕೈ ಬಿಟ್ಟಿರಲಿಲ್ಲ. ಸ್ವಲ್ಪ ಸಮಾಧಾನವಾದ ಮೇಲೆ, "ತಂಗಿ, ನೀನು ನಮ್ಮ ದೈಲೇಖಿನವರ ಹಾಗೆ ಮಾತಾಡ್ತೀಯಲ್ಲ," ಎಂದು ತನ್ನ ಭಾಷೆಯಲ್ಲೇ ಹೇಳಿ ಮುಖವನ್ನೇ ನೋಡಿದಳು. ಆಮೇಲೆ ಏನೂ ಕೇಳಲಿಲ್ಲ. ಸಿಸ್ಟರಿನ ಫೋನು ಇಸಕೊಂಡು, ನಮ್ಮೂರಿನ ಅಣ್ಣ ಒಬ್ಬನಿದ್ದಾನೆ, ಕನ್ನಡ ಬರುತ್ತದೆ, ಹೋಂಸ್ಟೇಯಲ್ಲಿ ಅಡಿಗೆ ಮಾಡುತ್ತಾನೆ ಎಂದು ನಂಬರು ಒತ್ತಿದಳು. ನೋಡದೆಯೇ ಮೇಘಶ್ರೀಗೆ ಆ ನಂಬರು ಗೊತ್ತಿತ್ತು. ಕಳಸದ ಸುತ್ತಲಿನ ನೇಪಾಳದವರಿಗೆ ಏನಾದರೂ ಆದರೆ ಮೊದಲ ಫೋನು ಹೋಗುವುದು ದೇವೇಂದ್ರನಿಗೆ.

ಅವಳು ಹೊರಗೆ ಬಂದಳು. ಆಸ್ಪತ್ರೆಯ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆದಳು. ತಲೆ ಆಡಿಸಿದ್ದು ನೆನಪಾಗುತ್ತಿತ್ತು. ಅಷ್ಟು ಸುಲಭವಾಗಿತ್ತು. ಯೂಟ್ಯೂಬ್ ಅಂದರೆ ಎಲ್ಲರೂ ನಂಬುತ್ತಾರೆ, ಹೊಗಳುತ್ತಾರೆ ಕೂಡ. ಹಾಗಿದ್ದರೂ ಏನನ್ನೋ ನೆಲಕ್ಕೆ ಬೀಳಿಸಿ ಮುಂದೆ ನಡೆದ ಹಾಗೆ ಅನ್ನಿಸುತ್ತಿತ್ತು. ಈರುಳ್ಳಿ ಹೆಚ್ಚುತ್ತ ಒಬ್ಬ ಮನುಷ್ಯ ಕೊಟ್ಟಿದ್ದನ್ನು, ಯಾರೂ ಕೊಡಲಿಲ್ಲ ಎಂದಿದ್ದಳು.

ಗೇಟಿನಲ್ಲಿ ಅಪ್ಪನ ಜೀಪು ಬಂತು. ಸಂಸೆ ಬಸ್ಸು ಊರು ಮುಟ್ಟಿದೆ, ದ್ಯಾವಮ್ಮ ಇಳಿದಿದ್ದಾರೆ ಎಂದು ಅವಳಿಗೆ ತಿಳಿಯಿತು.

ಶಶಿಧರ್ ಇಳಿದು ಬಂದರು. ಮನೆಯ ಲುಂಗಿಯಲ್ಲೇ ಹೊರಟಿದ್ದರು. "ಮಗು ಹ್ಯಾಗಿದೆ?"

"ಪರವಾಗಿಲ್ಲ ಅಪ್ಪ. ಕಡಿಮೆ ಕುಡಿದಿದೆ."

"ಒಳ್ಳೆ ಕೆಲಸ ಮಾಡ್ದೆ." ಅವರು ಆಕಾಶ ನೋಡಿದರು. ಮೋಡ ಮತ್ತೆ ಕಟ್ಟುತ್ತಿತ್ತು. "ದ್ಯಾವಮ್ಮ ನಮ್ಮನೆ ಗೇಟಲ್ಲೇ ನಿಂತು ಊರಿಗೆಲ್ಲ ಕೇಳೋ ಹಂಗೆ ಹೇಳಿದ್ರು. ನಿಮ್ಮ ಮಗಳು ಗೂರ್ಖಾನ ಹಂಗೇ ಮಾತಾಡ್ತಾಳೆ ಶಶಿಯಣ್ಣ ಅಂತ. ಯೂಟ್ಯೂಬಲ್ಲಿ ಕಲ್ತಿದ್ದಂತಲ್ಲ?"

ಮೇಘಶ್ರೀ ಜಡೆಯ ತುದಿ ಬಿಚ್ಚಿ ಮತ್ತೆ ಹೆಣೆಯತೊಡಗಿದಳು.

"ನಿನ್ನ ಅಮ್ಮನಿಗೂ ಅದೇ ಹೇಳಿ ಬಂದಿದೀನಿ. ಈಗಿನ ಮಕ್ಕಳು ಮೊಬೈಲಲ್ಲಿ ಎಲ್ಲಾ ಭಾಷೆ ಕಲೀತಾರೆ ಅಂತ." ಜೀಪಿನ ಕೀಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು. "ಬಸವಪ್ರಸಾದ್ ಮನೆಲಿ ಅಡಿಗೆಗೆ ಒಬ್ಬ ನೇಪಾಳದವ್ನು ಇದ್ದಾನಲ್ಲ, ನೀನು ಅಲ್ಲಿ ಒಂದು ರಜೆ ಇದ್ದೆ. ನಾನು ಅದನ್ನ ಯೋಚನೆ ಮಾಡಕ್ಕೆ ಹೋಗ್ಲಿಲ್ಲ."

ಅದು ಪ್ರಶ್ನೆಯಾಗಿರಲಿಲ್ಲ. ಅಪ್ಪನ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಹಾಗೆ ಯೋಚಿಸುವಂತೆ ಮಾಡಬೇಡ ಎಂದು ಅವರು ಅವಳನ್ನು ಬೇಡುತ್ತಿದ್ದರು. ಒಂದು ಹೂಂ ಸಾಕಿತ್ತು. ಹೂಂ ಎಂದರೆ ಕಾಲೇಜು ಉಳಿಯುತ್ತದೆ, ಅವನ ಕೆಲಸ ಉಳಿಯುತ್ತದೆ, ಅಪ್ಪ ರೇಡಿಯೋ ಹಚ್ಚಿಕೊಂಡು ಜೀಪು ಓಡಿಸುತ್ತಾರೆ.

ಗೇಟಿನಲ್ಲಿ ಬೈಕು ನಿಂತಿತು. ರೈನ್‌ಕೋಟಿನ ಕೆಳಗೆ ಅಡಿಗೆಮನೆಯ ಏಪ್ರನ್ ಹಾಗೇ ಇತ್ತು. ದೇವೇಂದ್ರ ಅಂಗಳಕ್ಕೆ ಬಂದವನು ಅವಳನ್ನು ಕಂಡ, ಅವಳ ಅಪ್ಪನನ್ನು ಕಂಡ. ನಿಂತ. ಮಾತು ಕೊಟ್ಟಿದ್ದ ಹಾಗೆ ಗುರುತಿಲ್ಲದವನಂತೆ ಕಣ್ಣು ಕೆಳಗೆ ಹಾಕಿ, ಬಾಗಿಲಲ್ಲಿದ್ದ ಸಿಸ್ಟರಿನ ಕಡೆ ನಡೆದ.

"ಸಿಸ್ಟರ್, ಆ ನೇಪಾಳದ ಮಗು..."

"ಬಂದ್ಯಾ ಮಾರಾಯ. ಡಾಕ್ಟರ್ ಮತ್ತೆ ಏನೋ ಕೇಳ್ಬೇಕಂತೆ. ಭಾಷೆ ಬರೋರು ಯಾರಾದ್ರೂ ಒಬ್ರು ಬನ್ನಿ ಬೇಗ."

ಒಳಗಿನಿಂದ ಮುನಾ ಅಳುವುದು ಕೇಳಿಸಿತು. ಮೇಘಶ್ರೀಯ ಕಾಲು ತಾನಾಗಿ ಆ ಕಡೆ ತಿರುಗಿತು.

"ಅವ್ನು ಬಂದ್ನಲ್ಲ, ಅವ್ನು ಹೇಳ್ತಾನೆ ಬಿಡು," ಎಂದರು ಶಶಿಧರ್. "ಮಳೆ ಬರೋದ್ರೊಳಗೆ ಹೋಗಣ. ಜೀಪು ಹತ್ತು."

ದೇವೇಂದ್ರ ಹಿಂತಿರುಗಿ ನೋಡಲಿಲ್ಲ. ಅವನ ರೈನ್‌ಕೋಟಿನಿಂದ ನೀರು ಮೆಟ್ಟಿಲಿಗೆ ತೊಟ್ಟಿಕ್ಕುತ್ತಿತ್ತು. ಹೋಂಸ್ಟೇ ಇದ್ದ ಗುಡ್ಡದ ಮೇಲೆ ಆಗಲೇ ಮಳೆ ಹಿಡಿದಿರಬೇಕು. ಪಾನಿ ಪರ್ಯೊ.

"ಅಪ್ಪ," ಎಂದಳು ಮೇಘಶ್ರೀ. "ಮೊಬೈಲಲ್ಲಿ ಕಲ್ತಿದ್ದಲ್ಲ. ನಂಗೆ ಇದನ್ನ ಕಲ್ಸಿದ್ದು..." ಎನ್ನುತ್ತಲೇ ಅವಳು ಅಂಗಳ ದಾಟಿ, ಮೆಟ್ಟಿಲ ಮೇಲಿದ್ದ ಅವನ ಪಕ್ಕಕ್ಕೆ ನಡೆದು ಹೋಗುತ್ತಿದ್ದಳು